ನೋವು ಇಳಿದರೆ ಕರುಳು ಮಾಯಿತೇ?

ಇಸ್ರೇಲಿನ ಕ್ಫಾರ್ ಸಾಬಾ ಎಂಬ ಊರಿನಲ್ಲಿ ಮೀರ್ ಎಂಬ ಆಸ್ಪತ್ರೆಯಿದೆ. ಅಲ್ಲಿನ ಕರುಳುರೋಗ ತಜ್ಞೆ ಟಿಮ್ನಾ ನಫ್ತಾಲಿ ಮತ್ತು ಸಂಗಡಿಗರು ಕ್ರೋನ್ಸ್ ಕಾಯಿಲೆಯ 21 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಸ್ಟೆರಾಯ್ಡ್ ಆಗಲಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳಾಗಲಿ, ದುಬಾರಿ ಚುಚ್ಚುಮದ್ದುಗಳಾಗಲಿ ಈ ರೋಗಿಗಳ ಕೈಹಿಡಿದಿರಲಿಲ್ಲ. ಎಂಟು ವಾರಗಳ ಕಾಲ ದಿನಕ್ಕೆ ಎರಡು ಬಾರಿ ಅವರು ಸಿಗರೇಟು ಸೇದಬೇಕಿತ್ತು. 11 ಮಂದಿಯ ಸಿಗರೇಟಿನಲ್ಲಿ ಗಾಂಜಾ ಹೂವು ಇತ್ತು. ಉಳಿದ 10 ಮಂದಿಯದರಲ್ಲಿ ಇದ್ದದ್ದೂ ಅದೇ ಹೂವು, ಆದರೆ ಅಮಲು ತರುವ ಅಂಶವನ್ನು ಮೊದಲೇ ತೆಗೆದದ್ದು. ಯಾರ ಕೈಗೆ ಯಾವುದು ಬಂದಿದೆ ಎಂದು ಹೇಳಿರಲಿಲ್ಲ.

2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಗಾಂಜಾ ಸೇದಿದ 11 ಮಂದಿಯಲ್ಲಿ 10 ಮಂದಿಗೆ ಕಾಯಿಲೆಯ ಲಕ್ಷಣಗಳು ಚೆನ್ನಾಗಿ ಇಳಿದಿದ್ದವು. ಇನ್ನೊಂದು ಗುಂಪಿನಲ್ಲಿ ಹಾಗೆ ಸುಧಾರಿಸಿದವರು ನಾಲ್ವರು. ಲಕ್ಷಣಗಳು ಪೂರ್ತಿ ಶಮನವಾದವರು ಗಾಂಜಾ ಗುಂಪಿನಲ್ಲಿ ಐವರಾದರೆ ಇನ್ನೊಂದರಲ್ಲಿ ಒಬ್ಬರು. ಹಸಿವು ಹೆಚ್ಚಿತು, ನಿದ್ದೆ ಬಂತು. ಸ್ಟೆರಾಯ್ಡ್ ಬಿಡಲಾಗದೆ ಒದ್ದಾಡುತ್ತಿದ್ದ ಮೂವರು ಅದನ್ನು ಬಿಟ್ಟರು.

ವರ್ಷಗಟ್ಟಲೆ ಹೊಟ್ಟೆ ಹಿಡಿದುಕೊಂಡು ಬದುಕಿದವರಿಗೆ ಇದಕ್ಕಿಂತ ಸಿಹಿಸುದ್ದಿ ಬೇಕೆ? ಆದರೆ ಅದೇ ವರದಿಯಲ್ಲಿ ಇನ್ನೆರಡು ಮಾತುಗಳಿದ್ದವು. ಸಂಪೂರ್ಣ ಶಮನ ಎಂಬ ಮುಖ್ಯ ಗುರಿಯನ್ನು ಪ್ರಯೋಗ ಮುಟ್ಟಿರಲಿಲ್ಲ. ಐವರು ಮತ್ತು ಒಬ್ಬರು ಎಂಬ ವ್ಯತ್ಯಾಸ ಇಷ್ಟು ಸಣ್ಣ ಗುಂಪಿನಲ್ಲಿ ಆಕಸ್ಮಿಕವೂ ಆಗಿರಬಹುದು. ಜೊತೆಗೆ, ರಕ್ತದಲ್ಲಿ ಉರಿಯೂತವನ್ನು ತೋರಿಸುವ ಸಿಆರ್‌ಪಿ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ಅಂತರವೇ ಇರಲಿಲ್ಲ. ರೋಗಿ ಹಗುರವಾಗಿದ್ದ, ಕರುಳು ಹಗುರವಾಗಿತ್ತೇ ಎಂಬುದು ಗೊತ್ತಾಗಲಿಲ್ಲ.

ಈ ಪ್ರಶ್ನೆಯ ಬೆನ್ನು ಹತ್ತಿ ಇಷ್ಟು ವರ್ಷಗಳಲ್ಲಿ ನಡೆದ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಬೇಕಾದ ಕಾಲ ಬಂದಿದೆ. ನಮ್ಮಲ್ಲೂ ಈ ರೋಗಿಗಳು ಹೆಚ್ಚುತ್ತಿದ್ದಾರೆ, ಮೊಬೈಲಿನಲ್ಲಿ ಹುಡುಕುತ್ತಿದ್ದಾರೆ, ಯಾರಲ್ಲೂ ಕೇಳಲಾಗದೆ ಒಳಗೊಳಗೇ ಲೆಕ್ಕ ಹಾಕುತ್ತಿದ್ದಾರೆ.

ಹೇಳಿಕೊಳ್ಳಲಾಗದ ಕಾಯಿಲೆ

ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಯನ್ನು ವೈದ್ಯರು ಚಿಕ್ಕದಾಗಿ ಐಬಿಡಿ ಎನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣು ಮಾಡುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಅದು ಕರುಳಿನ ಗೋಡೆಯ ಆಳಕ್ಕೆ ಇಳಿಯುತ್ತದೆ, ಕರುಳನ್ನು ಕಿರಿದಾಗಿಸುತ್ತದೆ, ಕೆಲವೊಮ್ಮೆ ತೂತು ಕೊರೆದು ಪಕ್ಕದ ಅಂಗಕ್ಕೆ ದಾರಿ ಮಾಡುತ್ತದೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನು ವಿವರಿಸಿ ಬರೆದರು. ಹೆಸರು ಅಲ್ಲಿಂದ ಬಂತು. ಗ್ಯಾಸ್, ಟೆನ್ಷನ್, ಆಹಾರ ಒಗ್ಗದಿರುವುದು ಎಂದೆಲ್ಲ ಕರೆಯಿಸಿಕೊಳ್ಳುವ ಐಬಿಎಸ್ ಬೇರೆ, ಇದು ಬೇರೆ. ಐಬಿಎಸ್‌ನಲ್ಲಿ ಕರುಳಿನಲ್ಲಿ ಹುಣ್ಣಿರುವುದಿಲ್ಲ.

ಐಬಿಡಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಪೂರ್ತಿ ವಾಸಿ ಮಾಡುವ ಔಷಧ ಇಲ್ಲ, ಹತೋಟಿಯಲ್ಲಿಡಬಹುದು ಅಷ್ಟೇ. ಹೆಚ್ಚಾಗಿ ಹದಿಹರೆಯದ ಕೊನೆಗೋ ಇಪ್ಪತ್ತು, ಮೂವತ್ತರ ಆಸುಪಾಸಿನಲ್ಲೋ ಶುರುವಾಗುತ್ತದೆ. ಅಂದರೆ ಓದು, ಕೆಲಸ, ಮದುವೆ ಎಲ್ಲ ಒಟ್ಟಿಗೆ ಎದುರಾಗುವ ವಯಸ್ಸಿನಲ್ಲಿ. ದಿನಕ್ಕೆ ಎಂಟು ಹತ್ತು ಬಾರಿ ಓಡಬೇಕು, ರಕ್ತ ಹೋಗುತ್ತದೆ, ಹೊಟ್ಟೆ ಹಿಂಡುತ್ತದೆ, ತೂಕ ಇಳಿಯುತ್ತದೆ, ಮೈಯಲ್ಲಿ ತ್ರಾಣವಿರುವುದಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೊರಡಬೇಕೆಂದರೆ ಹಿಂದಿನ ರಾತ್ರಿಯಿಂದಲೇ ಊಟ ಬಿಡುವವರಿದ್ದಾರೆ. ಶಾಲೆಯಲ್ಲಿ ಪಾಠ ಮಾಡುವ ಹೆಣ್ಣುಮಗಳೊಬ್ಬಳಿಗೆ ಅಲ್ಲಿನ ಶೌಚಾಲಯದ ಸ್ಥಿತಿಯೇ ದಿನದ ಮೊದಲ ಚಿಂತೆ. ಸಕ್ಕರೆ ಕಾಯಿಲೆ ಇದೆಯೆಂದು ಹೇಳಿಕೊಳ್ಳಲು ಯಾರೂ ಹಿಂಜರಿಯುವುದಿಲ್ಲ, ಇದನ್ನು ಮಾತ್ರ ಮನೆಯವರಿಂದಲೂ ಮುಚ್ಚಿಡುತ್ತಾರೆ. ಹೆಣ್ಣು ನೋಡಲು ಬರುವವರಿದ್ದರೆ ಔಷಧದ ಚೀಟಿ ಬೀರುವಿನ ಒಳಗೆ ಸೇರುತ್ತದೆ.

ನಮ್ಮ ದೇಶದಲ್ಲಿ ಇದಕ್ಕೊಂದು ಹೆಚ್ಚಿನ ಸಂಕಟವೂ ಉಂಟು. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆ ನೋಡಲು ಬಹುಮಟ್ಟಿಗೆ ಒಂದೇ. ಎರಡೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಡೆಯೇ ಹೆಚ್ಚಾಗಿ ಕೂರುತ್ತವೆ. ಎಷ್ಟೋ ಸಲ ಬಯಾಪ್ಸಿ ಮಾಡಿದರೂ ಯಾವುದೆಂದು ತೀರ್ಮಾನವಾಗುವುದಿಲ್ಲ. ಹಾಗಾಗಿ ಮೊದಲು ಕೆಲವು ತಿಂಗಳು ಟಿಬಿ ಮಾತ್ರೆ ಕೊಟ್ಟು, ಜಗ್ಗದಿದ್ದರೆ ಕ್ರೋನ್ಸ್ ಎಂದು ಚಿಕಿತ್ಸೆ ಶುರು ಮಾಡುವುದು ಇಲ್ಲಿ ರೂಢಿ. ಆ ಮೇಲೆ ಬರುವ ಬಲವಾದ ಔಷಧಗಳು, ಅದರಲ್ಲೂ 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್‌ಗೆ ಅನುಮತಿ ಪಡೆದ ಇನ್‌ಫ್ಲಿಕ್ಸಿಮ್ಯಾಬ್‌ನಂಥವು, ಮೈಯೊಳಗೆ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಬೆಲೆಯೂ ಬಡವರ ಕೈಗೆಟುಕುವಂಥದ್ದಲ್ಲ. ಸ್ಟೆರಾಯ್ಡ್ ಅಗ್ಗ, ಬೇಗ ಕೆಲಸ ಮಾಡುತ್ತದೆ. ಆದರೆ ಮುಖ ಊದಿಸುತ್ತದೆ, ಮೂಳೆ ತೆಳುವಾಗಿಸುತ್ತದೆ, ಸಕ್ಕರೆ ಏರಿಸುತ್ತದೆ.

ಇಂಥ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರು ಒಂದು ಗಿಡದ ಕಡೆ ಆಸೆಯಿಂದ ನೋಡಿದರೆ ಅದನ್ನು ಚಟವೆಂದು ತಳ್ಳಿಹಾಕುವುದು ಅನ್ಯಾಯ. ಅವರು ಕೇಳುತ್ತಿರುವುದು ಮತ್ತನ್ನಲ್ಲ, ಒಂದು ರಾತ್ರಿಯ ನಿದ್ದೆಯನ್ನು.

ಗಿಡಕ್ಕೂ ಕರುಳಿಗೂ ಏನು ನಂಟು?

ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ರಾಸಾಯನಿಕವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿಕೊಟ್ಟವರು ಇಸ್ರೇಲಿನ ರಾಫೆಲ್ ಮೆಕೂಲಮ್ ಮತ್ತು ಯೆಹಿಯೇಲ್ ಗಾವೋನಿ, 1964ರಲ್ಲಿ. ಪೊಲೀಸರು ವಶಪಡಿಸಿಕೊಂಡಿದ್ದ ಐದು ಕಿಲೋ ಹಶೀಶನ್ನು ಕೇಳಿ ಪಡೆದು, ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಒಯ್ದದ್ದನ್ನು ಮೆಕೂಲಮ್ ತಮ್ಮ ಜೀವಮಾನವಿಡೀ ಹೇಳಿಕೊಳ್ಳುತ್ತಿದ್ದರು. ಅವರು 2023ರಲ್ಲಿ ತೀರಿಕೊಂಡರು. ಗಿಡದ ಇನ್ನೊಂದು ಮುಖ್ಯ ಅಂಶ ಸಿಬಿಡಿ. ಅದು ಅಮಲು ತರುವುದಿಲ್ಲ.

1988ರಲ್ಲಿ ಅಮೆರಿಕದ ಆಲಿನ್ ಹೌಲೆಟ್ ಮತ್ತು ವಿಲಿಯಂ ಡೆವೇನ್, ಟಿಎಚ್‌ಸಿ ಹೋಗಿ ಕೂರುವ ಗ್ರಾಹಿಗಳು ಮಿದುಳಿನಲ್ಲಿರುವುದನ್ನು ಪತ್ತೆಹಚ್ಚಿದರು. ಇವು ಸಿಬಿ1. ಮುಂದೆ 1993ರಲ್ಲಿ ಸಿಬಿ2 ಕೂಡ ಗೊತ್ತಾಯಿತು. ಒಂದು ಗಿಡದ ರಸಕ್ಕಾಗಿ ದೇಹ ಗ್ರಾಹಿಗಳನ್ನು ಇಟ್ಟುಕೊಂಡಿರಲಾರದು, ಹಾಗಾದರೆ ದೇಹವೇ ಇಂಥದ್ದೊಂದನ್ನು ತಯಾರಿಸುತ್ತಿರಬೇಕು ಎಂಬ ತರ್ಕದಿಂದ ಹುಡುಕಾಟ ನಡೆಯಿತು. 1992ರಲ್ಲಿ ಮೆಕೂಲಮ್ ಅವರ ಪ್ರಯೋಗಾಲಯದಲ್ಲಿ ಅದು ಸಿಕ್ಕಿತು. ನಮ್ಮ ‘ಆನಂದ’ ಶಬ್ದವನ್ನೇ ತೆಗೆದುಕೊಂಡು ಅದಕ್ಕೆ ಅನಂಡಮೈಡ್ ಎಂದು ಹೆಸರಿಟ್ಟರು.

ಕರುಳಿಗೆ ತನ್ನದೇ ಆದ ನರಜಾಲವಿದೆ. ಸಿಬಿ1 ಗ್ರಾಹಿಗಳು ಅಲ್ಲಿಯೂ ಧಾರಾಳವಾಗಿವೆ. ಅವು ಚುರುಕಾದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ಕಡಿಮೆ ಹೊರಬರುತ್ತದೆ, ಕರುಳಿನ ಚಲನೆ ನಿಧಾನವಾಗುತ್ತದೆ, ಭೇದಿ ತಗ್ಗುತ್ತದೆ, ಹಿಂಡುವ ನೋವು ಇಳಿಯುತ್ತದೆ. ಮಿದುಳಿನಲ್ಲಿ ಅವೇ ಗ್ರಾಹಿಗಳು ವಾಕರಿಕೆಯನ್ನು ತಡೆದು ಹಸಿವನ್ನು ಹೆಚ್ಚಿಸುತ್ತವೆ. ಸಿಬಿ2 ಹೆಚ್ಚಾಗಿ ಇರುವುದು ರಕ್ಷಣಾ ವ್ಯವಸ್ಥೆಯ ಕಣಗಳ ಮೇಲೆ. ಅಲ್ಲಿ ಅದು ಉರಿಯೂತವನ್ನು ತಣಿಸಬಹುದೆಂಬ ನಿರೀಕ್ಷೆ ಬಲವಾಗಿತ್ತು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಬಿ1 ಇಲ್ಲದಂತೆ ಮಾಡಿದ ಇಲಿಗಳಿಗೆ ಕರುಳಿನ ಉರಿಯೂತ ತರಿಸಿದಾಗ ಅದು ಸಾಮಾನ್ಯ ಇಲಿಗಳಿಗಿಂತ ಜೋರಾಗಿಯೇ ಬಂದಿತ್ತು. ಅಂದರೆ ಈ ವ್ಯವಸ್ಥೆ ಕರುಳನ್ನು ಕಾಪಾಡುತ್ತಿದೆ. ಹಾಗಾದರೆ ಮನುಷ್ಯರಲ್ಲೂ ಗಾಂಜಾ ಬರೀ ನೋವನ್ನಲ್ಲ, ಕಾಯಿಲೆಯನ್ನೇ ಇಳಿಸಬೇಕಲ್ಲವೇ?

ಪ್ರಯೋಗಗಳು ಹೇಳಿದ್ದು

ನಫ್ತಾಲಿ ಅವರ ತಂಡ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಮೆಚ್ಚಬೇಕಾದ ಸಂಗತಿ. ಮೊದಲ ಸುದ್ದಿ ಸಿಹಿಯಾಗಿದ್ದರೂ ಅದನ್ನು ಒರೆಗೆ ಹಚ್ಚುತ್ತಲೇ ಹೋದರು. 2017ರಲ್ಲಿ 20 ಕ್ರೋನ್ಸ್ ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ ಗಾಂಜಾ ಗುಂಪಿನವರಿಗೆ ಸಿಬಿಡಿಯನ್ನು ಮಾತ್ರ, ಅದೂ ಕಡಿಮೆ ಪ್ರಮಾಣದಲ್ಲಿ, ಹತ್ತು ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ ಕೊಟ್ಟಿದ್ದರು. ತೊಂದರೆಯೇನೂ ಆಗಲಿಲ್ಲ, ಪ್ರಯೋಜನವೂ ಆಗಲಿಲ್ಲ.

2021ರಲ್ಲಿ ಇನ್ನೊಂದು ಪ್ರಕಟವಾಯಿತು. ಈ ಬಾರಿ ಹೊಗೆ ಇಲ್ಲ, ಎಣ್ಣೆ. ಸಿಬಿಡಿ ಹೆಚ್ಚು, ಟಿಎಚ್‌ಸಿ ಕಡಿಮೆ. ರೋಗಿಗಳು 56. ಎಂಟು ವಾರಗಳ ಬಳಿಕ ಗಾಂಜಾ ಎಣ್ಣೆ ಕುಡಿದವರಲ್ಲಿ ಕಾಯಿಲೆಯ ತೀವ್ರತೆ ಅಳೆಯುವ ರೋಗಸೂಚಿಯ ಮಧ್ಯಾಂಕ 282ರಿಂದ 166ಕ್ಕೆ ಇಳಿದಿತ್ತು. ಪ್ಲಸೀಬೊ, ಅಂದರೆ ಔಷಧವಿಲ್ಲದ ತೋರಿಕೆಯ ಮದ್ದು, ಪಡೆದ ಗುಂಪಿನಲ್ಲಿ ಅದು 264ರಿಂದ 237ಕ್ಕೆ ಇಳಿದಿತ್ತು, ಅಷ್ಟೇ. ಜೀವನದ ಗುಣಮಟ್ಟವೂ ಸುಧಾರಿಸಿತ್ತು. ಆದರೆ ಕೊಲೊನೋಸ್ಕೋಪಿಯಲ್ಲಿ ನೋಡಿದಾಗ ಕರುಳಿನ ಹುಣ್ಣುಗಳಲ್ಲಿ ಎರಡು ಗುಂಪುಗಳ ನಡುವೆ ಎದ್ದುಕಾಣುವ ವ್ಯತ್ಯಾಸವಿರಲಿಲ್ಲ. ಸಿಆರ್‌ಪಿಯಲ್ಲೂ ಇರಲಿಲ್ಲ. ಅದೇ ವರ್ಷ ಅವರು ಅಲ್ಸರೇಟಿವ್ ಕೊಲೈಟಿಸ್‌ನ 32 ರೋಗಿಗಳ ಮೇಲೆ ನಡೆಸಿದ ಪ್ರಯೋಗವೂ ಪ್ರಕಟವಾಯಿತು. ಅಲ್ಲಿಯೂ ಅದೇ ಕಥೆ: ಲಕ್ಷಣಗಳು ಇಳಿದವು, ಕರುಳಿನ ಒಳಮೈ ಹೆಚ್ಚು ಬದಲಾಗಲಿಲ್ಲ. ಬ್ರಿಟನ್ನಿನಲ್ಲಿ 60 ಕೊಲೈಟಿಸ್ ರೋಗಿಗಳಿಗೆ ಸಿಬಿಡಿ ಹೆಚ್ಚಿರುವ ಸಾರವನ್ನು ಹತ್ತು ವಾರ ಕೊಟ್ಟು ನೋಡಿದ್ದು 2018ರಲ್ಲಿ ಪ್ರಕಟವಾಗಿತ್ತು. ಅಲ್ಲಿ ಶಮನ ಕಂಡವರು ಔಷಧದ ಗುಂಪಿನಲ್ಲಿ ಶೇ 28, ಪ್ಲಸೀಬೊ ಗುಂಪಿನಲ್ಲಿ ಶೇ 26. ತಲೆಸುತ್ತು ಮುಂತಾದ ತೊಂದರೆಗಳಿಂದ ಎಷ್ಟೋ ಮಂದಿಗೆ ಪೂರ್ತಿ ಪ್ರಮಾಣ ತೆಗೆದುಕೊಳ್ಳಲೂ ಆಗಲಿಲ್ಲ.

ಲಕ್ಷಣ ಇಳಿದು ಹುಣ್ಣು ಉಳಿಯುವುದು ಹೇಗೆ? ಉತ್ತರ ಅಳತೆಗೋಲಿನಲ್ಲೇ ಇದೆ. ಕ್ರೋನ್ಸ್ ರೋಗಸೂಚಿ 1976ರಲ್ಲಿ ರೂಪುಗೊಂಡದ್ದು. ಅದರ ಬಹುಪಾಲು ಅಂಕಗಳು ರೋಗಿ ಬರೆದಿಡುವ ಮೂರು ಸಂಗತಿಗಳಿಂದ ಬರುತ್ತವೆ: ವಾರದಲ್ಲಿ ಎಷ್ಟು ಬಾರಿ ಭೇದಿಯಾಯಿತು, ಹೊಟ್ಟೆ ಎಷ್ಟು ನೋಯಿತು, ಒಟ್ಟಿನಲ್ಲಿ ಹೇಗಿದ್ದೀರಿ. ಗಾಂಜಾ ಈ ಮೂರನ್ನೂ ನೇರವಾಗಿ ಮುಟ್ಟುತ್ತದೆ. ಕರುಳಿನ ಓಟ ನಿಧಾನವಾದರೆ ಭೇದಿ ಕಡಿಮೆ, ನೋವಿನ ಸಂದೇಶ ಮಂಕಾದರೆ ನೋವು ಕಡಿಮೆ, ಮನಸ್ಸು ಹಗುರಾದರೆ ‘ಹೇಗಿದ್ದೀರಿ’ ಎಂಬುದಕ್ಕೆ ಉತ್ತರವೂ ಹಗುರ. ಹುಣ್ಣು ಇದ್ದಲ್ಲೇ ಇದ್ದರೂ ಅಂಕ ಇಳಿಯುತ್ತದೆ. ಇನ್ನೊಂದು ತೊಡಕೂ ಉಂಟು. ಯಾರಿಗೆ ಯಾವುದೆಂದು ಹೇಳದಿದ್ದರೂ ಅಮಲೇರಿದವನಿಗೆ ತನ್ನ ಸಿಗರೇಟಿನಲ್ಲಿ ಏನಿದೆ ಎಂಬುದು ಗೊತ್ತಾಗಿಬಿಡುತ್ತದೆ. ಗುಣವಾಗುತ್ತಿದ್ದೇನೆ ಎಂಬ ನಂಬಿಕೆಯೂ ಅಂಕವನ್ನು ಇಳಿಸುತ್ತದೆ.

ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಎರಡು ವಿಮರ್ಶೆಗಳನ್ನು ಹೊರತಂದಿತು. ಆಗ ಕ್ರೋನ್ಸ್‌ಗೆ ಸಿಕ್ಕಿದ್ದು ಮೂರು ಪ್ರಯೋಗಗಳು, ಒಟ್ಟು 93 ಮಂದಿ. ಕೊಲೈಟಿಸ್‌ಗೆ ಎರಡು, 92 ಮಂದಿ. ಇಷ್ಟರಿಂದ ಗಟ್ಟಿಯಾದ ತೀರ್ಮಾನಕ್ಕೆ ಬರಲಾಗದು ಎಂದೇ ಅದು ಹೇಳಿತು. ಲಕ್ಷಾಂತರ ಜನರ ಆಸೆ ನಿಂತಿರುವುದು ಒಂದು ಸಣ್ಣ ಮದುವೆ ಮಂಟಪದಲ್ಲಿ ಹಿಡಿಸುವಷ್ಟು ರೋಗಿಗಳ ಮೇಲೆ.

ಸದ್ದಿಲ್ಲದ ಹಾನಿ

ನೋವು ಇಳಿದರೆ ಸಾಲದೇ, ಹುಣ್ಣಿನ ಗೊಡವೆ ಯಾಕೆ ಎಂದು ಕೇಳಬಹುದು. ಐಬಿಡಿಯಲ್ಲಿ ಈ ಗೊಡವೆ ಜೀವದ ಪ್ರಶ್ನೆ. ಉರಿಯೂತ ಒಳಗೇ ಮುಂದುವರಿದರೆ ಕ್ರೋನ್ಸ್‌ನಲ್ಲಿ ಕರುಳು ಗಾಯದ ಕಲೆಗಟ್ಟಿ ಕಿರಿದಾಗುತ್ತದೆ, ಒಂದು ದಿನ ಪೂರ್ತಿ ಕಟ್ಟಿಕೊಂಡು ಶಸ್ತ್ರಚಿಕಿತ್ಸೆಗೆ ಹೋಗಬೇಕಾಗುತ್ತದೆ. ಕೊಲೈಟಿಸ್ ಹಲವು ವರ್ಷ ಹತೋಟಿಗೆ ಬಾರದಿದ್ದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಏರುತ್ತದೆ. ಅದಕ್ಕೇ ಈಗಿನ ಚಿಕಿತ್ಸೆಯ ಗುರಿ ಲಕ್ಷಣಗಳ ಶಮನಕ್ಕೆ ಮುಗಿಯುವುದಿಲ್ಲ, ಕರುಳಿನ ಒಳಪದರ ಮಾಯಬೇಕು ಎನ್ನುತ್ತದೆ. ನೋವು ಮಾತ್ರ ಅಡಗಿ ಉರಿಯೂತ ಉಳಿದರೆ, ಬಾಗಿಲ ಚೌಕಟ್ಟನ್ನು ಒಳಗಿನಿಂದ ಗೆದ್ದಲು ತಿನ್ನುತ್ತಿರುವಾಗ ಹೊರಗೆ ಹೊಸ ಬಣ್ಣ ಬಳಿದಂತೆ.

ಕೆನಡಾದ ಕ್ಯಾಲ್ಗರಿಯಲ್ಲಿ 313 ಐಬಿಡಿ ರೋಗಿಗಳನ್ನು ವಿಚಾರಿಸಿದ ಒಂದು ಅಧ್ಯಯನ 2014ರಲ್ಲಿ ಬಂತು. ಗಾಂಜಾ ಬಳಸಿದವರಲ್ಲಿ ಬಹುತೇಕರು ಹೊಟ್ಟೆನೋವು ಕಡಿಮೆಯಾಯಿತೆಂದೇ ಹೇಳಿದರು. ಆದರೆ ಆರು ತಿಂಗಳಿಗಿಂತ ಹೆಚ್ಚು ಬಳಸಿದ ಕ್ರೋನ್ಸ್ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ಸಂಭವ ಬಹಳ ಹೆಚ್ಚಿತ್ತು. ಗಾಂಜಾದಿಂದಲೇ ಹೀಗಾಯಿತೆಂದು ಇದರಿಂದ ಹೇಳಲಾಗದು. ಕಾಯಿಲೆ ಜೋರಾಗಿದ್ದವರೇ ಗಾಂಜಾ ಹಿಡಿದಿರಬಹುದು. ಆದರೂ ನೆನಪಿಡಬೇಕಾದ ಎಚ್ಚರಿಕೆ ಇದು.

ಬೇರೆ ತೊಂದರೆಗಳೂ ಇವೆ. ವಾಂತಿಗೆ ಮದ್ದೆಂದು ಹೆಸರಾದ ಗಾಂಜಾ, ವರ್ಷಗಟ್ಟಲೆ ದಿನವೂ ಬಳಸಿದವರಲ್ಲಿ ಕೆಲವರಿಗೆ ನಿಲ್ಲದ ವಾಂತಿಯನ್ನೇ ತರುತ್ತದೆ. ಇದನ್ನು ಮೊದಲು ವಿವರಿಸಿದ್ದು 2004ರಲ್ಲಿ, ಆಸ್ಟ್ರೇಲಿಯಾದ ವೈದ್ಯರು. ಈ ರೋಗಿಗಳು ಬಿಸಿನೀರಿನ ಸ್ನಾನದಲ್ಲಿ ಮಾತ್ರ ಸ್ವಲ್ಪ ಸಮಾಧಾನ ಕಂಡುಕೊಳ್ಳುತ್ತಾರೆ. ಹೊಟ್ಟೆಯ ಕಾಯಿಲೆ ಮೊದಲೇ ಇದ್ದವರಲ್ಲಿ ಇದು ಬಂದರೆ ಕ್ರೋನ್ಸ್ ಕೆರಳಿತೆಂದು ವೈದ್ಯರೂ ದಾರಿ ತಪ್ಪಬಹುದು. ಟಿಎಚ್‌ಸಿ ಹೆಚ್ಚಿರುವ ಗಾಂಜಾ ಮನೋವಿಕಾರದ ಅಪಾಯವನ್ನು ಏರಿಸುತ್ತದೆ. ಹದಿಹರೆಯದವರಿಗೆ, ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇರುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಬಸುರಿಯರು, ಬಾಣಂತಿಯರು ಇದರ ಹತ್ತಿರವೂ ಹೋಗಬಾರದು. ಸಿಬಿಡಿ ಪಿತ್ತಜನಕಾಂಗದ ಕೆಲವು ಕಿಣ್ವಗಳನ್ನು ತಡೆಯುವುದರಿಂದ ಟ್ಯಾಕ್ರೋಲಿಮಸ್‌ನಂಥ ಔಷಧಗಳು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ಕರುಳು ಮೊದಲೇ ಕಿರಿದಾದವರಿಗೆ ಅದರ ಓಟವನ್ನು ಇನ್ನಷ್ಟು ನಿಧಾನಗೊಳಿಸುವುದು ಒಳ್ಳೆಯದಲ್ಲ.

ನಮ್ಮ ಕಡೆಯ ಬಳಕೆಗೆ ಸಂಬಂಧಿಸಿದ ಒಂದು ಮಾತನ್ನು ಒತ್ತಿ ಹೇಳಬೇಕು. ಇಲ್ಲಿ ಗಾಂಜಾವನ್ನು ಹೆಚ್ಚಾಗಿ ಬೀಡಿ, ಸಿಗರೇಟಿನ ಹೊಗೆಸೊಪ್ಪಿನೊಂದಿಗೆ ಬೆರೆಸಿ ಸೇದುತ್ತಾರೆ. ಹೊಗೆಸೊಪ್ಪು ಕ್ರೋನ್ಸ್ ಕಾಯಿಲೆಯನ್ನು ಕೆರಳಿಸುತ್ತದೆ ಎಂಬುದರಲ್ಲಿ ಸಂಶಯವೇ ಇಲ್ಲ. ಸಿಗರೇಟು ಬಿಡುವುದೇ ಕ್ರೋನ್ಸ್ ರೋಗಿ ತನಗೆ ತಾನೇ ಮಾಡಿಕೊಳ್ಳಬಹುದಾದ ದೊಡ್ಡ ಉಪಕಾರಗಳಲ್ಲೊಂದು. ಬೀದಿಯಲ್ಲಿ ಸಿಗುವ ಪೊಟ್ಟಣದಲ್ಲಿ ಟಿಎಚ್‌ಸಿ ಎಷ್ಟು, ಬೂಷ್ಟು ಎಷ್ಟು, ಕೀಟನಾಶಕ ಎಷ್ಟು ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರ ಶ್ವಾಸಕೋಶಕ್ಕೆ ಆ ಬೂಷ್ಟು ಸಣ್ಣ ವಿಷಯವಲ್ಲ.

ನಮ್ಮ ನೆಲದ ಹಳೆಯ ಪರಿಚಯ

ಕರುಳಿನ ಬಾಧೆಗೆ ಈ ಗಿಡವನ್ನು ಬಳಸಿದ್ದು ಇಸ್ರೇಲಿನಲ್ಲಿ ಶುರುವಾದದ್ದಲ್ಲ. ಆಯುರ್ವೇದದಲ್ಲಿ ಇದಕ್ಕೆ ವಿಜಯಾ, ಭಂಗಾ ಎಂಬ ಹೆಸರುಗಳಿವೆ. ಶಾರ್ಙ್ಗಧರ ಸಂಹಿತೆಯ ಜಾತೀಫಲಾದಿ ಚೂರ್ಣದಲ್ಲಿ ಜಾಯಿಕಾಯಿ, ಲವಂಗ ಮುಂತಾದವುಗಳೊಂದಿಗೆ ಭಂಗಿಯೂ ಸೇರುತ್ತದೆ, ಅದನ್ನು ಹೇಳಿರುವ ಕಾಯಿಲೆಗಳಲ್ಲಿ ಗ್ರಹಣಿಯೂ ಒಂದು. ಗ್ರಹಣಿಯೆಂದರೆ ಉಂಡದ್ದು ದಕ್ಕದೆ ಮತ್ತೆ ಮತ್ತೆ ಭೇದಿಯಾಗುವ ಕಾಯಿಲೆ. ಅದನ್ನೇ ಕ್ರೋನ್ಸ್ ಎನ್ನಲಾಗದು, ಆದರೆ ಲಕ್ಷಣಗಳ ನೆರೆಹೊರೆ ಸ್ಪಷ್ಟವಾಗಿದೆ. ಮುಂದೆ 1839ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನ ವಿಲಿಯಂ ಬ್ರೂಕ್ ಓಶಾಗ್ನೆಸಿ ಎಂಬ ಐರಿಷ್ ವೈದ್ಯ, ಇಲ್ಲಿನ ಹಕೀಮರನ್ನೂ ಪಂಡಿತರನ್ನೂ ಕೇಳಿ ತಿಳಿದು, ಮೊದಲು ಪ್ರಾಣಿಗಳಿಗೆ ಆಮೇಲೆ ರೋಗಿಗಳಿಗೆ ಕೊಟ್ಟು, ಗಾಂಜಾದ ಕುರಿತು ಪ್ರಬಂಧ ಮಂಡಿಸಿದ. ಧನುರ್ವಾಯು, ಸಂಧಿವಾತಗಳ ಜೊತೆಗೆ ಕಾಲರಾ ರೋಗಿಗಳಿಗೂ ಕೊಟ್ಟು ನೋಡಿದ್ದ. ಪಾಶ್ಚಾತ್ಯ ವೈದ್ಯಕ್ಕೆ ಈ ಗಿಡವನ್ನು ಗಂಭೀರವಾಗಿ ಪರಿಚಯಿಸಿದ್ದು ಆ ಬರಹವೇ.

ಕರ್ನಾಟಕದಲ್ಲಿ ಗಾಂಜಾದ ಬಳಕೆ ವೈದ್ಯಕ್ಕಿಂತ ಹೆಚ್ಚಾಗಿ ಮಠ, ಗದ್ದುಗೆಗಳ ಸುತ್ತ ಉಳಿದುಬಂದಿದೆ. ಯಾದಗಿರಿ ಜಿಲ್ಲೆಯ ತಿಂಥಿಣಿಯ ಮೌನೇಶ್ವರ ಜಾತ್ರೆಯಂಥ ಕಡೆಗಳಲ್ಲಿ ಅದನ್ನು ಪ್ರಸಾದವೆಂದು ಸ್ವೀಕರಿಸುವ ಪದ್ಧತಿಯ ಬಗ್ಗೆ ವರದಿಗಳಾಗಿವೆ. ಈ ಪದ್ಧತಿಗಳಿಗೆ ಅವುಗಳದೇ ಅರ್ಥವಿದೆ. ಆದರೆ ಜಾತ್ರೆಯ ಚಿಲುಮೆಯನ್ನು ಕರುಳುರೋಗದ ಔಷಧವೆಂದು ತಿಳಿಯುವುದು ಬೇಡ. ಪರಂಪರೆ ಒಂದು ಸುಳಿವು ಕೊಡಬಲ್ಲುದು. ಸುಳಿವನ್ನು ಸಾಕ್ಷ್ಯ ಮಾಡುವ ಕೆಲಸ ಪ್ರಯೋಗಾಲಯದ್ದು, ಆಸ್ಪತ್ರೆಯದ್ದು.

ಕಾನೂನಿನ ಗೆರೆ ಎಲ್ಲಿದೆ?

ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ 1996ರಲ್ಲೇ ವೈದ್ಯಕೀಯ ಬಳಕೆಗೆ ಬಾಗಿಲು ತೆರೆಯಿತು. 2008ರ ಮಿಷಿಗನ್ ಕಾನೂನು ಕ್ರೋನ್ಸ್ ಕಾಯಿಲೆಯನ್ನು ಹೆಸರಿಸಿಯೇ ಪಟ್ಟಿಗೆ ಸೇರಿಸಿತು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ನ್ಯೂಜೆರ್ಸಿಯೂ 2010ರಲ್ಲಿ ಹಾಗೆಯೇ ಮಾಡಿತು. ಪಟ್ಟಿಗೆ ಸೇರಿದ್ದು ಜನರ ಒತ್ತಾಯ, ಮತದಾನ, ಶಾಸನಗಳ ಮೂಲಕ. ಔಷಧ ನಿಯಂತ್ರಕರು ಸಾಕ್ಷ್ಯ ತೂಗಿ ಕೊಟ್ಟ ಅನುಮತಿಯಿಂದಲ್ಲ. ಕೀಮೋಥೆರಪಿಯ ವಾಂತಿಗೆ, ಅಪರೂಪದ ಮೂರ್ಛೆರೋಗಗಳಿಗೆ ಗಾಂಜಾ ಮೂಲದ ಅಥವಾ ಅದನ್ನು ಹೋಲುವ ಔಷಧಗಳಿಗೆ ಅಲ್ಲಿನ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿದೆ, ಐಬಿಡಿಗೆ ಅಂಥದ್ದೊಂದೂ ಇಲ್ಲ.

ಭಾರತದಲ್ಲಿ ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯೇ ಗೆರೆ. ಗಿಡದ ಹೂವು ಕಾಯಿಗಳಿರುವ ತುದಿಯೇ ಕಾಯ್ದೆಯ ಕಣ್ಣಿನಲ್ಲಿ ಗಾಂಜಾ, ಅಂಟು ಚರಸ್. ತುದಿಯಿಲ್ಲದ ಎಲೆ ಮತ್ತು ಬೀಜ ಈ ವ್ಯಾಖ್ಯೆಯಿಂದ ಹೊರಗೆ. ಹಾಗಾಗಿಯೇ ಭಂಗಿಗೆ ಬೇರೆ ಸ್ಥಾನ. 2022ರಲ್ಲಿ ಜಾಮೀನು ಅರ್ಜಿಯೊಂದನ್ನು ಇತ್ಯರ್ಥಪಡಿಸುವಾಗ ಕರ್ನಾಟಕ ಹೈಕೋರ್ಟ್ ಕೂಡ ಭಂಗಿ ಈ ಕಾಯ್ದೆಯ ನಿಷೇಧದಲ್ಲಿ ಬರುವುದಿಲ್ಲ ಎಂಬ ನಿಲುವು ತಾಳಿತ್ತು. ಆದರೆ ಗಾಂಜಾ ಸೇದಿದರೆ ಆರು ತಿಂಗಳವರೆಗೆ ಸಜೆ ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋವಿಗಾಗಿ ಸೇದಿದೆ ಎಂದರೆ ಕಾಯ್ದೆ ಬೇರೆಯಾಗಿ ನೋಡುವುದಿಲ್ಲ. ಆಯುರ್ವೇದದ ಪರವಾನಗಿಯಲ್ಲಿ ತಯಾರಾದ ವಿಜಯಾ ಉತ್ಪನ್ನಗಳು ವೈದ್ಯರ ಚೀಟಿಯ ಮೇಲೆ ಸಿಗುತ್ತವೆ. ಭಂಗಿ ಇರುವ ಆಯುರ್ವೇದ ಔಷಧಗಳು ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕಾದ ಪಟ್ಟಿಯಲ್ಲಿವೆ.

ಹೊರದೇಶದಲ್ಲಿರುವ ಮಕ್ಕಳು ಕಾಯಿಲೆಯ ಅಪ್ಪ ಅಮ್ಮನಿಗೆಂದು ಎಣ್ಣೆಯ ಬಾಟಲಿಯನ್ನೋ ಚೀಪುವ ಗಮ್ಮಿಯನ್ನೋ ಸೂಟ್‌ಕೇಸಿನಲ್ಲಿ ತುರುಕಿಕೊಂಡು ಬರುವ ಯೋಚನೆ ಮಾಡುವುದುಂಟು. ನ್ಯೂಜೆರ್ಸಿಯ ಅಂಗಡಿಯಲ್ಲಿ ಕೊಂಡ ಚೀಟಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ರಕ್ಷಣೆ ಕೊಡುವುದಿಲ್ಲ. ದುಬೈ ಮೂಲಕ ಬರುವವರಿಗೆ ಅಲ್ಲಿನ ಕಠಿಣ ಕಾನೂನಿನ ಭಯವೂ ಇದೆ. ಪ್ರೀತಿಯಿಂದ ತಂದದ್ದು ಜೈಲಿಗೆ ಎಳೆದೊಯ್ಯಬಾರದು.

ವೈದ್ಯರ ಮುಂದೆ ಬಾಯಿ ಬಿಡಿ

ಹಾಗಾದರೆ ಇವತ್ತು ನೋವಿನಲ್ಲಿರುವವರು ಏನು ಮಾಡಬೇಕು? ಮೊದಲನೆಯದು, ನಡೆಯುತ್ತಿರುವ ಚಿಕಿತ್ಸೆಯನ್ನು ಯಾವ ಕಾರಣಕ್ಕೂ ತಾವಾಗಿಯೇ ನಿಲ್ಲಿಸಬಾರದು. ಗಾಂಜಾ ಅಥವಾ ವಿಜಯಾ ಎಣ್ಣೆ ಸಿಕ್ಕಿತೆಂದು ಮೆಸಲಮಿನ್, ಅಜಥಿಯೋಪ್ರಿನ್‌ನಂಥ ಔಷಧಗಳನ್ನು ಬಿಟ್ಟವರು ಕೆಲವು ತಿಂಗಳ ಬಳಿಕ ರಕ್ತಸ್ರಾವದೊಂದಿಗೆ ಆಸ್ಪತ್ರೆ ಸೇರುವ ಅಪಾಯವಿದೆ. ಎರಡನೆಯದು, ಏನನ್ನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಹೇಳಿಬಿಡಬೇಕು. “ಡಾಕ್ಟ್ರೇ, ರಾತ್ರಿ ನೋವು ತಡೆಯೋಕೆ ಆಗ್ತಿಲ್ಲ, ಇಂಥದ್ದೊಂದು ತಗೊಳ್ತಾ ಇದೀನಿ” ಎನ್ನಲು ಹಿಂಜರಿಯಬೇಕಿಲ್ಲ. ಹೇಳದೆ ಹೋದರೆ ಲಕ್ಷಣ ಇಳಿದದ್ದನ್ನು ನೋಡಿ ವೈದ್ಯರು ಔಷಧ ಕೆಲಸ ಮಾಡುತ್ತಿದೆಯೆಂದು ತಪ್ಪಾಗಿ ತಿಳಿಯುತ್ತಾರೆ. ಮೂರನೆಯದು, ಹಾಯಾಗಿದೆ ಎನಿಸಿದಾಗಲೂ ಪರೀಕ್ಷೆ ತಪ್ಪಿಸಬಾರದು. ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್, ರಕ್ತದ ಸಿಆರ್‌ಪಿ, ವೈದ್ಯರು ಹೇಳಿದ ಕಾಲಕ್ಕೆ ಕೊಲೊನೋಸ್ಕೋಪಿ ಇವು ಮಾತ್ರ ಕರುಳಿನ ನಿಜಸ್ಥಿತಿ ಹೇಳಬಲ್ಲವು.

ವೈದ್ಯರಿಗೂ ಒಂದು ಮಾತು ಸಲ್ಲಬೇಕು. ರೋಗಿ ಗಾಂಜಾದ ವಿಷಯ ಎತ್ತಿದನೆಂದರೆ ಅವನ ನೋವು ಕೊಟ್ಟ ಔಷಧದಿಂದ ಇಳಿದಿಲ್ಲ ಎಂದೇ ಅರ್ಥ. ಗದರಿದರೆ ಅವನು ಮುಂದಿನ ಸಲ ಬಾಯಿ ಬಿಡುವುದಿಲ್ಲ. ಐಬಿಡಿ ರೋಗಿಯ ನೋವು, ನಿದ್ರಾಹೀನತೆ, ಖಿನ್ನತೆಗಳನ್ನು ಹುಣ್ಣಿನಷ್ಟೇ ಗಂಭೀರವಾಗಿ ನೋಡುವ ಕ್ಲಿನಿಕ್ಕುಗಳು ನಮ್ಮಲ್ಲಿ ಇನ್ನೂ ಸಾಲವು. ಆಹಾರ ತಜ್ಞರು, ಮನೋವೈದ್ಯರು, ನೋವಿನ ಚಿಕಿತ್ಸೆಯ ತಜ್ಞರು ಒಂದೇ ಸೂರಿನಡಿ ಸಿಗುವುದು ದೊಡ್ಡ ನಗರಗಳಲ್ಲೂ ಕಷ್ಟ.

ಸರ್ಕಾರಕ್ಕೆ ಹೇಳಬೇಕಾದದ್ದು ಇದಕ್ಕಿಂತ ದೊಡ್ಡದು. ಎನ್‌ಡಿಪಿಎಸ್ ಕಾಯ್ದೆ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ದಾರಿಯನ್ನು ಮುಚ್ಚಿಲ್ಲ, ಅದರ ಪಠ್ಯದಲ್ಲೇ ಆ ವಿನಾಯಿತಿ ಇದೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ 27–25 ಮತಗಳಿಂದ ತೆಗೆದಾಗ ಭಾರತ ಪರವಾಗಿಯೇ ಮತ ಹಾಕಿತ್ತು. ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆಯಲ್ಲಿ ಗಾಂಜಾದ ವೈದ್ಯಕೀಯ ಸಂಶೋಧನೆ ನಡೆಯುತ್ತಿದೆ. ಗಿಡ ನಮ್ಮದು, ಅದರ ಬಗ್ಗೆ ಬರೆದಿಟ್ಟ ವೈದ್ಯಗ್ರಂಥಗಳು ನಮ್ಮವು, ರೋಗಿಗಳೂ ನಮ್ಮಲ್ಲಿ ಸಾಕಷ್ಟಿದ್ದಾರೆ. ಇಲ್ಲಿ ಬೇಕಿರುವುದು ನೂರಾರು ರೋಗಿಗಳು ಭಾಗವಹಿಸುವ, ಪ್ರಮಾಣ ನಿಗದಿಯಾದ ಔಷಧ ಬಳಸುವ, ಎಂಟು ವಾರಕ್ಕೆ ಮುಗಿಸದೆ ಒಂದೆರಡು ವರ್ಷ ಹಿಂಬಾಲಿಸುವ, ಲಕ್ಷಣದ ಅಂಕದ ಜೊತೆಗೆ ಕರುಳಿನ ಒಳಮೈಯನ್ನೂ ನೋಡುವ ಪ್ರಯೋಗ. ಕರುಳಿನ ಕ್ಷಯದ ನೆರಳಿನಲ್ಲಿ ಬಲವಾದ ಔಷಧ ಕೊಡಲು ಹೆದರುವ ನಮ್ಮ ವೈದ್ಯರಿಗೆ ಇದರ ಉತ್ತರ ಬೇರೆ ದೇಶದವರಿಗಿಂತ ಹೆಚ್ಚು ಬೇಕು.

ಈಗ ಕೈಯಲ್ಲಿರುವ ಸಾಕ್ಷ್ಯ ಹೇಳುವುದು ಇಷ್ಟು: ಗಾಂಜಾದ ಕೆಲವು ರೂಪಗಳು ಕೆಲವರ ನೋವು, ಹಸಿವು, ನಿದ್ದೆಗಳಿಗೆ ನೆರವಾಗುತ್ತವೆ, ಕರುಳನ್ನು ಮಾಯಿಸುತ್ತವೆ ಎಂಬುದು ಸಾಬೀತಾಗಿಲ್ಲ. ನೋವು ಇಳಿಯುವುದು ಸಣ್ಣ ಮಾತಲ್ಲ. ನೋವಿಲ್ಲದ ರಾತ್ರಿಗೂ ವೈದ್ಯಕೀಯದಲ್ಲಿ ಬೆಲೆ ಇರಲೇಬೇಕು. ಆದರೆ ಅದನ್ನು ಗುಣವೆಂದು ಮಾರುವವರು ರೋಗಿಯ ಮಿತ್ರರಲ್ಲ, ಅದನ್ನು ಚಟವೆಂದು ಹೀಯಾಳಿಸುವವರೂ ಅಲ್ಲ. ನೋವಿಗೆ ಮದ್ದು ಮತ್ತು ಹುಣ್ಣಿಗೆ ಮದ್ದು ಎರಡನ್ನೂ ಕೇಳುವ ಹಕ್ಕು ಕರುಳಿನ ರೋಗಿಗೆ ಇದೆ. ಎರಡನ್ನೂ ಕೇಳಬೇಕು, ವೈದ್ಯರಲ್ಲಿ ಕೇಳಬೇಕು, ಕಾಯ್ದೆ ಮಾಡುವವರಲ್ಲೂ ಕೇಳಬೇಕು.